ಹ್ಯಾರಿಯೆಟ್ ಮತ್ತು ಡ್ರೆಡ್ ಸ್ಕಾಟ್ ದಂಪತಿಯ ಹನ್ನೊಂದು ವರ್ಷಗಳ ದಾವೆ

1846ರ ಏಪ್ರಿಲ್ 6ರಂದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಸರ್ಕ್ಯೂಟ್ ನ್ಯಾಯಾಲಯದಲ್ಲಿ ಎರಡು ಅರ್ಜಿಗಳು ದಾಖಲಾದವು. ಒಂದು ಡ್ರೆಡ್ ಸ್ಕಾಟ್ ಅವರದು, ಇನ್ನೊಂದು ಅವರ ಪತ್ನಿ ಹ್ಯಾರಿಯೆಟ್ ಅವರದು. ಸಹಿ ಹಾಕಲು ಬಾರದ ಅವರಿಬ್ಬರೂ ತಮ್ಮ ಹೆಸರಿನ ಬಳಿ ಅಡ್ಡಗೀಟಿನ ಗುರುತನ್ನಷ್ಟೇ ಹಾಕಿದ್ದರು. ತಮ್ಮನ್ನು ಐರೀನ್ ಎಮರ್ಸನ್ ಎಂಬ ವಿಧವೆ ಹೊಡೆದು ಬಡಿದು ಹನ್ನೆರಡು ಗಂಟೆಗಳ ಕಾಲ ಕೂಡಿಹಾಕಿದ್ದಾರೆ, ಅದಕ್ಕೆ ಹತ್ತು ಡಾಲರ್ ಪರಿಹಾರ ಸಿಗಬೇಕು ಎಂಬುದು ಡ್ರೆಡ್ ಸ್ಕಾಟ್ ಅವರ ದೂರು. ಮೇಲ್ನೋಟಕ್ಕೆ ಇದು ಹಲ್ಲೆಯ ಸಣ್ಣ ದಾವೆ. ಆದರೆ ಗುಲಾಮಗಿರಿಯಲ್ಲಿರುವವರು ಬಿಡುಗಡೆ ಕೇಳಬೇಕಾದ ಕಾನೂನಿನ ನಮೂನೆಯೇ ಹಾಗಿತ್ತು: ಸ್ವತಂತ್ರ ವ್ಯಕ್ತಿಯನ್ನು ಹೊಡೆದು ಕೂಡಿಹಾಕುವುದು ಅಪರಾಧ, ಗುಲಾಮನನ್ನು ಯಜಮಾನರು ಹಾಗೆ ಮಾಡಿದರೆ ಅಪರಾಧವಲ್ಲ, ಹೀಗಾಗಿ ಹಲ್ಲೆ ನಡೆದದ್ದು ಹೌದೇ ಅಲ್ಲವೇ ಎಂಬುದನ್ನು ತೀರ್ಮಾನಿಸುವ ನೆಪದಲ್ಲಿ ಆ ವ್ಯಕ್ತಿ ಸ್ವತಂತ್ರನೇ ಅಲ್ಲವೇ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕಾಗುತ್ತಿತ್ತು.

ಈ ಅರ್ಜಿಗಳು ಹನ್ನೊಂದು ವರ್ಷಗಳ ನಂತರ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡ ಬಗೆ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಕಪ್ಪು ಜನರು ನಾಗರಿಕರಲ್ಲ ಎಂದು ನ್ಯಾಯಾಲಯ ಹೇಳಿತು, ಕೆಲವು ವರ್ಷಗಳಲ್ಲಿ ಅಂತರ್ಯುದ್ಧ ನಡೆಯಿತು, ಸಂವಿಧಾನ ತಿದ್ದುಪಡಿಯಾಯಿತು ಎಂಬಷ್ಟೇ ಅಲ್ಲಿರುತ್ತದೆ. ಮೂಲ ದಾಖಲೆಗಳನ್ನು ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಆ ಕಾಲದ ಕಾನೂನೇ ಕ್ರೂರವಾಗಿತ್ತು, ಪಾಪ, ನ್ಯಾಯಾಧೀಶರು ಇನ್ನೇನು ಮಾಡಿಯಾರು ಎಂಬ ಸಮಾಧಾನ ಈ ಪ್ರಕರಣಕ್ಕೆ ಸಲ್ಲುವುದಿಲ್ಲ. ಸ್ಕಾಟ್ ಕುಟುಂಬವನ್ನು ಬಿಡುಗಡೆ ಮಾಡುವ ಕಾನೂನು ಆಗಲೇ ಇತ್ತು. ಅದನ್ನು ಬದಿಗೆ ಸರಿಸಿ, ಇಲ್ಲದ ಇತಿಹಾಸವೊಂದನ್ನು ಕಟ್ಟಿ, ಆ ಇತಿಹಾಸದ ಮೇಲೆ ತೀರ್ಪನ್ನು ನಿಲ್ಲಿಸಲಾಯಿತು. ಈ ಬರಹದಲ್ಲಿ ನಾನು ತೋರಿಸಬೇಕೆಂದಿರುವುದು ಇದನ್ನೇ.

ಡ್ರೆಡ್ ಸ್ಕಾಟ್ ಹುಟ್ಟಿದ್ದು ವರ್ಜೀನಿಯಾದಲ್ಲಿ, ಸುಮಾರು 1799ರಲ್ಲಿ, ಪೀಟರ್ ಬ್ಲೋ ಎಂಬವರ ಕುಟುಂಬದ ಗುಲಾಮರಾಗಿ. ಆ ಕುಟುಂಬ ಅಲಬಾಮಾಕ್ಕೆ, ಅಲ್ಲಿಂದ 1830ರಲ್ಲಿ ಸೇಂಟ್ ಲೂಯಿಸ್‌ಗೆ ವಲಸೆ ಬಂದಿತು. ಅನಂತರ ಜಾನ್ ಎಮರ್ಸನ್ ಎಂಬ ಸೈನ್ಯದ ವೈದ್ಯರು ಡ್ರೆಡ್ ಅವರನ್ನು ಕೊಂಡುಕೊಂಡರು. ಸೈನಿಕ ವೈದ್ಯರಿಗೆ ವರ್ಗಾವಣೆ ಸಾಮಾನ್ಯ. ಎಮರ್ಸನ್ ಹೋದಲ್ಲಿಗೆಲ್ಲ ಸ್ಕಾಟ್ ಹೋಗಬೇಕಾಯಿತು. ಮೊದಲು ಇಲಿನಾಯ್ ರಾಜ್ಯದ ರಾಕ್ ಐಲ್ಯಾಂಡಿನ ಕೋಟೆ, 1836ರಲ್ಲಿ ಮಿಸಿಸಿಪಿ ನದಿಯ ಮೇಲ್ಭಾಗದ ಫೋರ್ಟ್ ಸ್ನೆಲಿಂಗ್. ಇಲಿನಾಯ್ ರಾಜ್ಯದ ಸಂವಿಧಾನ ಗುಲಾಮಗಿರಿಯನ್ನು ನಿಷೇಧಿಸಿತ್ತು. ಫೋರ್ಟ್ ಸ್ನೆಲಿಂಗ್ ಇಂದಿನ ಮಿನೆಸೋಟಾದಲ್ಲಿದೆ. ಆಗ ಅದು ರಾಜ್ಯವಾಗಿರಲಿಲ್ಲ, ಕೇಂದ್ರ ಸರ್ಕಾರದ ಆಡಳಿತದ ಪ್ರಾಂತ್ಯವಾಗಿತ್ತು. 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕಿರುವ ಅಂತಹ ಪ್ರದೇಶಗಳಲ್ಲಿ ಗುಲಾಮಗಿರಿ ಕೂಡದು ಎಂದು 1820ರ ಮಿಸೌರಿ ಒಪ್ಪಂದದ ಕಾಯ್ದೆ ಹೇಳಿತ್ತು.

ಕಾಗದದ ಮೇಲೆ ಹೀಗಿದ್ದರೂ ಫೋರ್ಟ್ ಸ್ನೆಲಿಂಗಿನ ಸೈನ್ಯಾಧಿಕಾರಿಗಳು ಗುಲಾಮರನ್ನು ಇಟ್ಟುಕೊಂಡಿದ್ದರು. ಹ್ಯಾರಿಯೆಟ್ ರಾಬಿನ್ಸನ್ ಅಲ್ಲಿಗೆ ಬಂದಿದ್ದು ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಸರ್ಕಾರಿ ಅಧಿಕಾರಿ ಲಾರೆನ್ಸ್ ಟಾಲಿವರ್ ಅವರ ಗುಲಾಮರಾಗಿ. ಅಲ್ಲಿ ಡ್ರೆಡ್ ಮತ್ತು ಹ್ಯಾರಿಯೆಟ್ ಮದುವೆಯಾದರು, ಮದುವೆ ಮಾಡಿಸಿದವರು ನ್ಯಾಯಾಧಿಕಾರವನ್ನೂ ಹೊಂದಿದ್ದ ಟಾಲಿವರ್ ಅವರೇ. ಇದು ಸಣ್ಣ ವಿವರವಲ್ಲ. ಗುಲಾಮರ ಮದುವೆಗೆ ಗುಲಾಮಗಿರಿಯ ರಾಜ್ಯಗಳ ಕಾನೂನಿನಲ್ಲಿ ಯಾವ ಮಾನ್ಯತೆಯೂ ಇರಲಿಲ್ಲ. ಇಲ್ಲಿ ಸರ್ಕಾರಿ ಅಧಿಕಾರಿಯೊಬ್ಬರು, ಯಜಮಾನರ ಒಪ್ಪಿಗೆಯೊಂದಿಗೆ, ಗುಲಾಮಗಿರಿ ನಿಷಿದ್ಧವಾದ ನೆಲದಲ್ಲಿ ಇಬ್ಬರಿಗೆ ಮದುವೆ ಮಾಡಿಸಿದ್ದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕರ್ಟಿಸ್ ಇದೇ ಎಳೆಯನ್ನು ಹಿಡಿದು, ಮದುವೆಗೆ ಒಪ್ಪಿಗೆ ಕೊಟ್ಟ ಯಜಮಾನ ಬಿಡುಗಡೆಗೇ ಒಪ್ಪಿಗೆ ಕೊಟ್ಟಂತೆ ಎಂದು ವಾದಿಸಿದರು.

ಹಿರಿಯ ಮಗಳು ಎಲೈಜಾ ಹುಟ್ಟಿದ್ದು 1838ರಲ್ಲಿ, ಮಿಸಿಸಿಪಿ ನದಿಯ ಮೇಲೆ ಸಾಗುತ್ತಿದ್ದ ಜಿಪ್ಸಿ ಎಂಬ ಹಬೆಹಡಗಿನಲ್ಲಿ. ಮಿಸೌರಿ ರಾಜ್ಯದ ಉತ್ತರ ಗಡಿಯಿಂದ ಆಚೆ, ಅಂದರೆ ಗುಲಾಮಗಿರಿ ಇಲ್ಲದ ನೀರಿನಲ್ಲಿ ಹುಟ್ಟಿದಳು ಎಂಬ ಮಾತು ನ್ಯಾಯಾಲಯದ ದಾಖಲೆಯಲ್ಲೇ ಇದೆ. ಕಿರಿಯಳು ಲಿಝಿ ಮಿಸೌರಿಯ ಸೈನಿಕ ನೆಲೆಯಲ್ಲಿ ಹುಟ್ಟಿದಳು. ಗುಲಾಮಗಿರಿಯ ಕಾನೂನಿನ ಪ್ರಕಾರ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆ. ತಂದೆ ಸ್ವತಂತ್ರನಾದರೂ ತಾಯಿ ಗುಲಾಮಳಾಗಿದ್ದರೆ ಮಕ್ಕಳು ಗುಲಾಮರೇ. ಆದ್ದರಿಂದ ಆ ಇಬ್ಬರು ಹೆಣ್ಣುಮಕ್ಕಳ ಬಿಡುಗಡೆ ನಿಂತಿದ್ದದ್ದು ಹ್ಯಾರಿಯೆಟ್ ಸಲ್ಲಿಸಿದ ಅರ್ಜಿಯ ಮೇಲೆ. 1850ರಲ್ಲಿ ವಕೀಲರು ಕೆಲಸ ಹಗುರವಾಗಲೆಂದು ಎರಡು ದಾವೆಗಳನ್ನು ಜೋಡಿಸಿ ಡ್ರೆಡ್ ಅವರ ಹೆಸರಿನಲ್ಲೇ ಮುಂದುವರಿಸಿದರು. ಅಲ್ಲಿಂದಾಚೆಗೆ ಹ್ಯಾರಿಯೆಟ್ ಇತಿಹಾಸದಲ್ಲಿ ಗಂಡನ ನೆರಳಾಗಿ ಉಳಿದರು. ಈ ಪ್ರಕರಣವನ್ನು ಇಬ್ಬರ ಹೆಸರಿನಲ್ಲೂ ಕರೆಯಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಡಾಕ್ಟರ್ ಎಮರ್ಸನ್ 1843ರಲ್ಲಿ ತೀರಿಕೊಂಡರು. ಹಣ ಕೊಟ್ಟು ಬಿಡುಗಡೆ ಪಡೆಯಲು ಸ್ಕಾಟ್ ಮುಂದಾದಾಗ ವಿಧವೆ ಐರೀನ್ ಒಪ್ಪಲಿಲ್ಲ. ಉಳಿದದ್ದು ನ್ಯಾಯಾಲಯದ ದಾರಿ, ಮತ್ತು ಆ ದಾರಿ ಅಪರಿಚಿತವೇನಾಗಿರಲಿಲ್ಲ. ಸೇಂಟ್ ಲೂಯಿಸ್ ನ್ಯಾಯಾಲಯದಲ್ಲಿ ಸುಮಾರು 300 ಬಿಡುಗಡೆ ದಾವೆಗಳ ಕಡತಗಳು ಇಂದಿಗೂ ಉಳಿದಿವೆ. ಮಿಸೌರಿ ಗುಲಾಮಗಿರಿಯ ರಾಜ್ಯವಾಗಿದ್ದರೂ, ಯಜಮಾನನೇ ಗುಲಾಮನನ್ನು ಸ್ವತಂತ್ರ ನೆಲಕ್ಕೆ ಕರೆದೊಯ್ದು ನೆಲೆಸಿದರೆ ಆ ಗುಲಾಮ ಸ್ವತಂತ್ರನಾಗುತ್ತಾನೆ, ಮರಳಿ ಬಂದ ಮಾತ್ರಕ್ಕೆ ಮತ್ತೆ ಗುಲಾಮನಾಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1824ರಲ್ಲೇ ವಿನ್ನಿ ಎಂಬ ಮಹಿಳೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. 1836ರ ರೇಚೆಲ್ ಪ್ರಕರಣವಂತೂ ಸ್ಕಾಟ್ ಪ್ರಕರಣದ ಪಡಿಯಚ್ಚು: ಅಲ್ಲಿಯೂ ಒಬ್ಬ ಸೈನ್ಯಾಧಿಕಾರಿ, ಅಲ್ಲಿಯೂ ಫೋರ್ಟ್ ಸ್ನೆಲಿಂಗ್. ಸೈನ್ಯದ ಆಜ್ಞೆಯಂತೆ ಅಧಿಕಾರಿ ಅಲ್ಲಿಗೆ ಹೋಗಿರಬಹುದು, ಗುಲಾಮಳನ್ನು ಜೊತೆಗೆ ಕರೆದೊಯ್ಯಬೇಕೆಂದು ಸೈನ್ಯ ಆಜ್ಞೆ ಮಾಡಿರಲಿಲ್ಲವಲ್ಲ ಎಂದು ಹೇಳಿ ನ್ಯಾಯಾಲಯ ರೇಚೆಲ್ ಪರವಾಗಿ ನಿಂತಿತ್ತು.

ಇಷ್ಟು ಸ್ಪಷ್ಟ ಪೂರ್ವನಿದರ್ಶನವಿದ್ದರೂ 1847ರ ಮೊದಲ ವಿಚಾರಣೆಯಲ್ಲಿ ಸ್ಕಾಟ್ ಸೋತರು. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಸ್ಕಾಟ್ ದಂಪತಿಯನ್ನು ಐರೀನ್ ಅವರಿಂದ ಬಾಡಿಗೆಗೆ ಪಡೆದಿದ್ದೆನೆಂದು ಸಾಕ್ಷಿ ಹೇಳಲು ಬಂದ ವ್ಯಕ್ತಿ, ಪಾಟೀಸವಾಲಿನಲ್ಲಿ, ಬಾಡಿಗೆಯ ಮಾತುಕತೆಯನ್ನು ನಡೆಸಿದ್ದು ತನ್ನ ಹೆಂಡತಿಯೆಂದು ಒಪ್ಪಿಕೊಂಡರು. ಹಾಗಾದರೆ ಇದು ಕೇಳಿದ ಮಾತು, ಐರೀನ್ ಅವರೇ ಇವರನ್ನು ಗುಲಾಮರಾಗಿ ಇಟ್ಟುಕೊಂಡಿದ್ದಾರೆ ಎಂಬುದು ರುಜುವಾತಾಗಲಿಲ್ಲ ಎಂದಾಯಿತು. ಪರಿಣಾಮವಾಗಿ, ಐರೀನ್ ಅವರ ಗುಲಾಮರೆಂದು ಸಾಬೀತಾಗದ ಕುಟುಂಬ ಐರೀನ್ ಅವರ ಗುಲಾಮರಾಗಿಯೇ ಮನೆಗೆ ಮರಳಿತು. ಮರುವಿಚಾರಣೆಗೆ ಅನುಮತಿ ಸಿಕ್ಕಿ, 1850ರ ಜನವರಿಯಲ್ಲಿ ಜ್ಯೂರಿ ಸ್ಕಾಟ್ ಸ್ವತಂತ್ರರೆಂದು ತೀರ್ಮಾನಿಸಿತು. ಐರೀನ್ ಮೇಲ್ಮನವಿ ಸಲ್ಲಿಸಿದರು. ದಾವೆ ನಡೆಯುತ್ತಿದ್ದ ಕಾಲದಲ್ಲಿ ಷೆರಿಫ್ ಈ ದಂಪತಿಯನ್ನು ಕೂಲಿಗೆ ಬಿಟ್ಟು, ಅವರ ದುಡಿಮೆಯ ಹಣವನ್ನು ದಾವೆ ಮುಗಿಯುವವರೆಗೆ ತನ್ನ ವಶದಲ್ಲಿ ಇಟ್ಟುಕೊಂಡಿದ್ದರು.

1852ರಲ್ಲಿ ಮಿಸೌರಿಯ ಸುಪ್ರೀಂ ಕೋರ್ಟ್ ತನ್ನ 28 ವರ್ಷಗಳ ನಿಲುವನ್ನು ತಾನೇ ಮುರಿದುಹಾಕಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಸ್ಕಾಟ್ ಕೊಟ್ಟ ಕಾರಣ ಕಾನೂನಿನದಲ್ಲ. ಹಿಂದಿನ ತೀರ್ಪುಗಳು ಬಂದಾಗ ಇದ್ದ ಕಾಲ ಈಗಿಲ್ಲ ಎಂದು ಅವರು ನೇರವಾಗಿಯೇ ಬರೆದರು. ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿಯ ವಿರುದ್ಧ ದನಿ ಜೋರಾಗುತ್ತಿದೆ, ಆದ್ದರಿಂದ ನಾವು ಇನ್ನು ಆ ರಾಜ್ಯಗಳ ಕಾನೂನಿಗೆ ಮನ್ನಣೆ ಕೊಡುವುದಿಲ್ಲ ಎಂಬುದು ಅದರ ತಿರುಳು. ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದ ನ್ಯಾಯಮೂರ್ತಿ ಹ್ಯಾಮಿಲ್ಟನ್ ಗ್ಯಾಂಬಲ್ ಇದನ್ನು ಒಪ್ಪದೆ ಭಿನ್ನಮತದ ತೀರ್ಪು ಬರೆದರು.

ಮುಂದಿನ ದಾರಿ ಫೆಡರಲ್ ನ್ಯಾಯಾಲಯ, ಅಂದರೆ ಕೇಂದ್ರದ ನ್ಯಾಯಾಲಯ. ಎರಡು ಬೇರೆ ರಾಜ್ಯಗಳ ನಾಗರಿಕರ ನಡುವಿನ ವ್ಯಾಜ್ಯವನ್ನು ಫೆಡರಲ್ ನ್ಯಾಯಾಲಯ ಕೇಳಬಹುದೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಐರೀನ್ ಅವರ ಸೋದರ ಜಾನ್ ಸ್ಯಾನ್‌ಫರ್ಡ್ ನ್ಯೂಯಾರ್ಕ್ ನಿವಾಸಿಯಾಗಿದ್ದರು. ಸ್ಕಾಟ್ ಕುಟುಂಬದ ಒಡೆತನ ತನ್ನದೆಂದು ಅವರು ಹೇಳಿಕೊಂಡಿದ್ದರು. 1853ರಲ್ಲಿ ವಕೀಲ ರಾಸ್‌ವೆಲ್ ಫೀಲ್ಡ್ ಅವರ ನೆರವಿನಿಂದ ಮಿಸೌರಿಯ ನಾಗರಿಕನೆಂಬ ನೆಲೆಯಲ್ಲಿ ಡ್ರೆಡ್ ಸ್ಕಾಟ್ ಹೊಸ ದಾವೆ ಹೂಡಿದರು. ತನ್ನ ಮೇಲೂ ಹೆಂಡತಿಯ ಮೇಲೂ ಇಬ್ಬರು ಹೆಣ್ಣುಮಕ್ಕಳ ಮೇಲೂ ಹಲ್ಲೆಯಾಗಿದೆ ಎಂಬ ಆ ದೂರಿಗೆ ಪ್ರತಿವಾದಿಯ ಕಡೆಯಿಂದ ಬಂದ ಉತ್ತರ ದಾಖಲೆಯಲ್ಲಿದೆ: ಅವರೆಲ್ಲ ತನ್ನ ಗುಲಾಮರು, ತಾನು ಅವರ ಮೇಲೆ ಮೃದುವಾಗಿ ಕೈಯಿಟ್ಟು ಅವರ ಸ್ವಾತಂತ್ರ್ಯವನ್ನು ತಡೆದದ್ದು ನಿಜ, ಹಾಗೆ ಮಾಡುವ ಹಕ್ಕು ತನಗಿತ್ತು. ಮೃದುವಾಗಿ ಕೈಯಿಡುವುದು ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಸಿದ್ಧ ವಾಕ್ಯವೆಂದು ಬಲ್ಲೆ. ಆದರೂ ಹದಿನಾಲ್ಕು ವರ್ಷದ ಎಲೈಜಾ, ಏಳು ವರ್ಷದ ಲಿಝಿ ಎಂದು ವಯಸ್ಸು ನಮೂದಾಗಿರುವ ಅದೇ ದಾಖಲೆಯಲ್ಲಿ ಆ ವಾಕ್ಯವನ್ನು ಓದಿದಾಗ ಗುಲಾಮಗಿರಿ ಕಾನೂನಿನ ಭಾಷೆಯಲ್ಲಿ ಎಷ್ಟು ಸಭ್ಯವಾಗಿ ಕುಳಿತಿತ್ತು ಎಂಬುದು ತಿಳಿಯುತ್ತದೆ.

1854ರಲ್ಲಿ ಫೆಡರಲ್ ನ್ಯಾಯಾಲಯ ಸ್ಕಾಟ್ ದಾವೆ ಹೂಡಬಹುದೆಂದು ಒಪ್ಪಿಕೊಂಡಿತು, ಆದರೆ ತೀರ್ಪು ಅವರ ವಿರುದ್ಧವಾಯಿತು. ಪ್ರಕರಣ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟಿಗೆ ಹೋಯಿತು. ಆಗಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಗುಲಾಮಗಿರಿಯ ರಾಜ್ಯಗಳಿಂದ ಬಂದವರು. ಮೊದಲಿಗೆ ಅವರ ಯೋಚನೆ ಸಣ್ಣ ತೀರ್ಪಿನದಾಗಿತ್ತು: ಸ್ಕಾಟ್ ಅವರ ಸ್ಥಿತಿಯನ್ನು ಮಿಸೌರಿಯ ಕಾನೂನು ನಿರ್ಧರಿಸುತ್ತದೆ, ಮಿಸೌರಿ ಅವರನ್ನು ಗುಲಾಮರೆಂದಿದೆ, ಅಲ್ಲಿಗೆ ಮುಗಿಯಿತು. ಆದರೆ ದೇಶದ ಪಶ್ಚಿಮ ಪ್ರಾಂತ್ಯಗಳಿಗೆ ಗುಲಾಮಗಿರಿ ಹಬ್ಬಬಹುದೇ ಎಂಬ ಜಗಳ ಕ್ಯಾನ್ಸಸ್‌ನಲ್ಲಿ ರಕ್ತಪಾತಕ್ಕೆ ತಿರುಗಿತ್ತು, ಮತ್ತು ರಾಜಕಾರಣಿಗಳು ಬಿಡಿಸಲಾರದ ಗಂಟನ್ನು ತಾವು ಬಿಡಿಸುತ್ತೇವೆಂಬ ಹುಮ್ಮಸ್ಸು ನ್ಯಾಯಾಲಯವನ್ನು ಹಿಡಿಯಿತು. ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಜೇಮ್ಸ್ ಬ್ಯುಕ್ಯಾನನ್ ನ್ಯಾಯಮೂರ್ತಿಗಳಾದ ಕ್ಯಾಟ್ರನ್ ಮತ್ತು ಗ್ರಿಯರ್ ಅವರೊಂದಿಗೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದರು. ತಮ್ಮದೇ ರಾಜ್ಯವಾದ ಪೆನ್ಸಿಲ್ವೇನಿಯಾದ ಗ್ರಿಯರ್ ಬಹುಮತದ ಜೊತೆ ಸೇರುವಂತೆ ಒತ್ತಾಯಿಸಿದರು. ತೀರ್ಪಿನ ದಿಕ್ಕು ಮುಂಚೆಯೇ ಗೊತ್ತಿದ್ದ ಬ್ಯುಕ್ಯಾನನ್ 1857ರ ಮಾರ್ಚ್ 4ರಂದು ಪದಗ್ರಹಣದ ಭಾಷಣದಲ್ಲಿ, ಈ ಪ್ರಶ್ನೆ ಬೇಗನೆ ಮತ್ತು ಅಂತಿಮವಾಗಿ ಇತ್ಯರ್ಥವಾಗಲಿದೆ, ತೀರ್ಪು ಏನೇ ಇರಲಿ ಸಂತೋಷದಿಂದ ತಲೆಬಾಗುತ್ತೇನೆ ಎಂದು ಜನರೆದುರು ಹೇಳಿದರು. ಎರಡು ದಿನಗಳ ನಂತರ, ಮಾರ್ಚ್ 6ರಂದು, ತೀರ್ಪು ಹೊರಬಿತ್ತು. ಏಳು ಮಂದಿ ಸ್ಕಾಟ್ ವಿರುದ್ಧ, ಇಬ್ಬರು ಅವರ ಪರ.

ಬಹುಮತದ ತೀರ್ಪನ್ನು ಓದಿದವರು ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ, ಮೇರಿಲ್ಯಾಂಡಿನವರು, 79 ವರ್ಷದ ವೃದ್ಧರು. ತಾವು ಪಡೆದ ಗುಲಾಮರನ್ನು ಬಹಳ ಹಿಂದೆಯೇ ಬಿಡುಗಡೆ ಮಾಡಿದ್ದವರು. 1819ರಲ್ಲಿ ಒಬ್ಬ ಪಾದ್ರಿಯ ಪರ ವಕಾಲತ್ತು ವಹಿಸಿ ಗುಲಾಮಗಿರಿಯನ್ನು ರಾಷ್ಟ್ರದ ನಡತೆಯ ಮೇಲಿನ ಕಳಂಕವೆಂದು ಕರೆದಿದ್ದವರು. ಅಂಥವರ ಕೈಯಿಂದ ಈ ತೀರ್ಪು ಬಂತೆಂಬುದನ್ನು ನಾನು ಅವರ ಪರವಾದ ಮಾತಾಗಿ ಹೇಳುತ್ತಿಲ್ಲ, ಅವರ ಹೊಣೆಯನ್ನು ಹೆಚ್ಚಿಸುವ ಮಾತಾಗಿ ಹೇಳುತ್ತಿದ್ದೇನೆ. ಅವರು ಬರೆದದ್ದು ಇಷ್ಟು. ಸಂವಿಧಾನ ರಚನೆಯಾದ ಕಾಲದಲ್ಲಿ ಆಫ್ರಿಕಾ ಮೂಲದ ಜನರನ್ನು, ಅವರು ಗುಲಾಮರಿರಲಿ ಸ್ವತಂತ್ರರಿರಲಿ, ಕೀಳು ವರ್ಗದವರೆಂದು ಎಲ್ಲರೂ ಭಾವಿಸಿದ್ದರು. ಬಿಳಿಯನು ಗೌರವಿಸಲೇಬೇಕಾದ ಯಾವ ಹಕ್ಕೂ ಅವರಿಗಿರಲಿಲ್ಲ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆಂಬ ಸ್ವಾತಂತ್ರ್ಯ ಘೋಷಣೆಯ ಮಾತು ಅವರನ್ನು ಒಳಗೊಂಡಿರಲಿಲ್ಲ. ಆದ್ದರಿಂದ ಅವರು ಸಂವಿಧಾನದ ಅರ್ಥದಲ್ಲಿ ನಾಗರಿಕರಲ್ಲ, ಆಗಲಾರರು. ಆದ್ದರಿಂದ ಸ್ಕಾಟ್ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ.

ಆ ತೀರ್ಪಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಎಲ್ಲರೂ ಉಲ್ಲೇಖಿಸುವ ಆ ಹಕ್ಕಿನ ವಾಕ್ಯವಲ್ಲ, ಅದರಿಂದ ಕೆಲವು ಪುಟಗಳ ಆಚೆ ಬರುವ ಒಂದು ಪಟ್ಟಿ. ಕಪ್ಪು ಜನರನ್ನು ನಾಗರಿಕರೆಂದು ಒಪ್ಪಿದರೆ ಏನಾದೀತು ಎಂದು ಟಾನಿ ಅಲ್ಲಿ ವಿವರಿಸುತ್ತಾರೆ. ಅವರು ಇಷ್ಟಬಂದಾಗ ಯಾವ ರಾಜ್ಯಕ್ಕಾದರೂ ಪರವಾನಗಿಯಿಲ್ಲದೆ ಹೋಗಬಹುದು, ಬೇಕಾದಷ್ಟು ದಿನ ಉಳಿಯಬಹುದು, ಹಗಲೂ ರಾತ್ರಿಯೂ ಎಲ್ಲೆಂದರಲ್ಲಿ ಓಡಾಡಬಹುದು, ಸಾರ್ವಜನಿಕವಾಗಿಯೂ ಖಾಸಗಿಯಾಗಿಯೂ ಮಾತನಾಡಬಹುದು, ರಾಜಕೀಯ ಸಭೆ ನಡೆಸಬಹುದು, ಆಯುಧ ಹಿಡಿದು ನಡೆಯಬಹುದು. ನಾಗರಿಕತ್ವ ಎಂದರೆ ಏನು ಎಂಬುದನ್ನು ಇಷ್ಟು ಚೊಕ್ಕವಾಗಿ ಬಿಡಿಸಿಟ್ಟ ಪುಟಗಳು ಹೆಚ್ಚಿಲ್ಲ. ಆದರೆ ಟಾನಿ ಅವರಿಗೆ ಅದು ಹಕ್ಕುಗಳ ಪಟ್ಟಿಯಲ್ಲ, ಭೀತಿಯ ಪಟ್ಟಿ. ಹೀಗೆಲ್ಲ ಆಗುವುದು ಅಸಾಧ್ಯ, ಆದ್ದರಿಂದ ಇವರು ನಾಗರಿಕರಾಗಿರುವುದೂ ಅಸಾಧ್ಯ ಎಂಬುದು ಅವರ ತರ್ಕ.

ನ್ಯಾಯವ್ಯಾಪ್ತಿ ಇಲ್ಲವೆಂದ ಮೇಲೆ ನ್ಯಾಯಾಲಯ ಅಲ್ಲಿಗೇ ನಿಲ್ಲಬೇಕಿತ್ತು. ಟಾನಿ ನಿಲ್ಲಲಿಲ್ಲ. 1820ರ ಕಾಯ್ದೆಯೂ ಅಸಾಂವಿಧಾನಿಕ, ಏಕೆಂದರೆ ಪ್ರಾಂತ್ಯಕ್ಕೆ ತನ್ನ ಗುಲಾಮನನ್ನು ಕರೆತಂದ ಮಾತ್ರಕ್ಕೆ ಯಜಮಾನನ ಆಸ್ತಿಯನ್ನು ಕಿತ್ತುಕೊಳ್ಳುವುದು, ಕಾನೂನುಬದ್ಧ ಕ್ರಮವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆನ್ನುವ ಸಂವಿಧಾನದ ಐದನೇ ತಿದ್ದುಪಡಿಗೆ ವಿರುದ್ಧ ಎಂದರು. ಆ ಕಾಯ್ದೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1854ರಲ್ಲೇ ರದ್ದುಮಾಡಿತ್ತು. ಸತ್ತ ಕಾಯ್ದೆಯನ್ನು ಮತ್ತೆ ಕೊಂದದ್ದರ ಉದ್ದೇಶ ಒಂದೇ, ಮುಂದೆ ಯಾವ ಕಾಂಗ್ರೆಸ್ಸೂ ಅಂಥದ್ದನ್ನು ಮಾಡದಿರಲಿ ಎಂಬುದು.

ಭಿನ್ನಮತದ ಇಬ್ಬರಲ್ಲಿ ಓಹಾಯೋದ ಜಾನ್ ಮೆಕ್ಲೀನ್, ಗುಲಾಮನು ಬರಿಯ ಸರಕಲ್ಲ, ತನ್ನ ಸೃಷ್ಟಿಕರ್ತನ ಮುದ್ರೆಯನ್ನು ಹೊತ್ತವನು ಎಂದು ಬರೆದರು. ಮ್ಯಾಸಚೂಸೆಟ್ಸ್‌ನ ಬೆಂಜಮಿನ್ ಕರ್ಟಿಸ್ ಅವರ ಹಾದಿ ಬೇರೆ. ಅವರು ಟಾನಿಯ ಇತಿಹಾಸವನ್ನೇ ಪರೀಕ್ಷೆಗೆ ಒಡ್ಡಿದರು. ಸಂವಿಧಾನವನ್ನು ಅಂಗೀಕರಿಸುವ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ನ್ಯೂಜೆರ್ಸಿ, ನಾರ್ತ್ ಕೆರೊಲಿನಾ ಈ ಐದು ರಾಜ್ಯಗಳಲ್ಲಿ, ಇತರರಿಗಿದ್ದ ಅರ್ಹತೆಗಳೇ ಇದ್ದರೆ, ಸ್ವತಂತ್ರ ಕಪ್ಪು ಪುರುಷರಿಗೂ ಮತ ಹಾಕುವ ಹಕ್ಕಿತ್ತು ಎಂದು ಅವರು ಆ ರಾಜ್ಯಗಳ ಕಾನೂನುಗಳಿಂದಲೇ ತೋರಿಸಿದರು. ಅಂದರೆ ಸಂವಿಧಾನ ಯಾರಿಗಲ್ಲವೆಂದು ಟಾನಿ ಹೇಳುತ್ತಿದ್ದರೋ, ಅದನ್ನು ಜಾರಿಗೆ ತಂದ ಮತದಾರರಲ್ಲಿ ಅವರೂ ಇದ್ದರು. ಇನ್ನೂ ಗಟ್ಟಿಯಾದದ್ದು 1778ರ ಜೂನ್ 25ರ ಒಂದು ನಡಾವಳಿ. ಸಂವಿಧಾನಕ್ಕೂ ಮುಂಚಿನ ರಾಜ್ಯಗಳ ಒಕ್ಕೂಟದ ಒಪ್ಪಂದದ ಕರಡಿನ ನಾಲ್ಕನೇ ವಿಧಿ ಸ್ವತಂತ್ರ ನಿವಾಸಿಗಳಿಗೆ ಎಲ್ಲ ರಾಜ್ಯಗಳಲ್ಲೂ ನಾಗರಿಕರ ಸೌಲಭ್ಯಗಳನ್ನು ಕೊಟ್ಟಿತ್ತು. ಅದನ್ನು ಬಿಳಿಯ ಸ್ವತಂತ್ರ ನಿವಾಸಿಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂದು ಸೌತ್ ಕೆರೊಲಿನಾದ ಪ್ರತಿನಿಧಿಗಳು ಸೂಚಿಸಿದರು. ಮತಕ್ಕೆ ಹಾಕಿದಾಗ ಎರಡು ರಾಜ್ಯಗಳು ಪರವಾಗಿ, ಎಂಟು ರಾಜ್ಯಗಳು ವಿರುದ್ಧವಾಗಿ ಮತ ಹಾಕಿದವು, ಒಂದು ರಾಜ್ಯದ ಮತ ಸಮವಾಗಿ ಒಡೆಯಿತು. ಪ್ರಶ್ನೆ ಆಗ ಯಾರ ತಲೆಗೂ ಹೊಳೆದಿರಲಿಲ್ಲ ಎಂದಲ್ಲ. ಹೊಳೆದಿತ್ತು, ಚರ್ಚೆಗೆ ಬಂದಿತ್ತು, ತಿರಸ್ಕೃತವಾಗಿತ್ತು. ಈ ದಾಖಲೆಯೊಂದೇ ಟಾನಿಯ ಎಲ್ಲರೂ ಭಾವಿಸಿದ್ದರು ಎಂಬ ಮಾತನ್ನು ಬುಡಮೇಲು ಮಾಡುತ್ತದೆ. ಕರ್ಟಿಸ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು.

ಸ್ಕಾಟ್ ಕುಟುಂಬಕ್ಕೆ ಬಿಡುಗಡೆ ಬಂದದ್ದು ಬೇರೆ ದಾರಿಯಿಂದ. ಐರೀನ್ 1850ರಲ್ಲಿ ಮರುಮದುವೆಯಾಗಿದ್ದ ಕ್ಯಾಲ್ವಿನ್ ಚಾಫಿ ಆ ವೇಳೆಗೆ ಮ್ಯಾಸಚೂಸೆಟ್ಸ್‌ನಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದ ಗುಲಾಮಗಿರಿ ವಿರೋಧಿ ಸದಸ್ಯರಾಗಿದ್ದರು. ಪತ್ರಿಕೆಗಳು ಛೀಮಾರಿ ಹಾಕಿದ ಮೇಲೆ ಒಡೆತನವನ್ನು ಸೇಂಟ್ ಲೂಯಿಸ್‌ನ ಟೇಲರ್ ಬ್ಲೋ ಅವರಿಗೆ ವರ್ಗಾಯಿಸಲಾಯಿತು. ಡ್ರೆಡ್ ಅವರ ಮೊದಲ ಯಜಮಾನನ ಮಗನಾದ ಅವರು 1857ರ ಮೇ 26ರಂದು ನಾಲ್ವರನ್ನೂ ಬಿಡುಗಡೆ ಮಾಡಿದರು. ಮರುತಿಂಗಳು ನ್ಯೂಯಾರ್ಕಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅವರ ಚಿತ್ರಗಳು ಬಂದವು. ಹುಡುಕಿಕೊಂಡು ಮನೆಗೆ ಹೋದ ವರದಿಗಾರರಿಗೆ ಹ್ಯಾರಿಯೆಟ್ ಇಸ್ತ್ರಿ ಮಾಡುತ್ತಿದ್ದುದು ಕಂಡಿತು. ಗಂಡನನ್ನು ಊರೂರು ಕರೆದೊಯ್ದು ಜನರಿಗೆ ತೋರಿಸುವ ಯೋಚನೆಗೆ ಅವರು ಸುತರಾಂ ಒಪ್ಪಲಿಲ್ಲ. ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳಬಲ್ಲೆವು ಎಂದರು. ಡ್ರೆಡ್ ಒಂದು ಹೋಟೆಲಿನಲ್ಲಿ ಹಮಾಲಿಯಾಗಿ ಕೆಲಸ ಮಾಡಿ, 1858ರ ಸೆಪ್ಟೆಂಬರಿನಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಹ್ಯಾರಿಯೆಟ್ 1876ರವರೆಗೆ ಬದುಕಿದ್ದರು.

ಅವರ ಕಣ್ಣೆದುರಿಗೇ ತೀರ್ಪು ಕುಸಿಯಿತು, ಆದರೆ ನ್ಯಾಯಾಲಯದಿಂದಲ್ಲ. ಅಂತರ್ಯುದ್ಧದ ನಡುವೆ, 1862ರಲ್ಲಿ, ಲಿಂಕನ್ ಸರ್ಕಾರದ ಅಟಾರ್ನಿ ಜನರಲ್ ಎಡ್ವರ್ಡ್ ಬೇಟ್ಸ್ ಅಮೆರಿಕದಲ್ಲಿ ಹುಟ್ಟಿದ ಸ್ವತಂತ್ರ ಕಪ್ಪು ಜನರು ನಾಗರಿಕರೇ ಎಂಬ ಅಭಿಪ್ರಾಯ ಕೊಟ್ಟರು. 1865ರ ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿತು. 1868ರ ಹದಿನಾಲ್ಕನೇ ತಿದ್ದುಪಡಿಯ ಮೊದಲ ವಾಕ್ಯ ನೇರವಾಗಿ ಟಾನಿಗೆ ಕೊಟ್ಟ ಉತ್ತರ: ಅಮೆರಿಕದಲ್ಲಿ ಹುಟ್ಟಿದ ಅಥವಾ ಪೌರತ್ವ ಪಡೆದ, ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಮತ್ತು ತಾವು ವಾಸಿಸುವ ರಾಜ್ಯದ ನಾಗರಿಕರು. 1898ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾಕ್ಯ ವಲಸಿಗರ ಮಕ್ಕಳಿಗೂ ಅನ್ವಯಿಸುತ್ತದೆಂದು ಹೇಳಿತು. ಬೆಂಗಳೂರು, ಮೈಸೂರು, ದಾವಣಗೆರೆಗಳಿಂದ ಎಚ್-1ಬಿ ವೀಸಾದಲ್ಲಿ ಹೋಗಿ, ಗ್ರೀನ್ ಕಾರ್ಡಿನ ಸರತಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಅಲ್ಲಿ ಹುಟ್ಟಿದ ಕೂಡಲೇ ಪೌರತ್ವ ಸಿಗುತ್ತಿರುವುದು ಇದೇ ವಾಕ್ಯದಿಂದ. 2025ರ ಜನವರಿ 20ರಂದು ಹೊರಡಿಸಿದ ಅಧ್ಯಕ್ಷೀಯ ಆದೇಶವೊಂದು, ತಾತ್ಕಾಲಿಕ ವೀಸಾದಲ್ಲಿರುವ ತಂದೆತಾಯಿಗಳ ಮಕ್ಕಳಿಗೆ ಈ ಹಕ್ಕು ಇಲ್ಲವೆಂದು ಹೇಳಲು ಹೊರಟಾಗ, ಕೆಳ ನ್ಯಾಯಾಲಯಗಳು ಅದನ್ನು ತಡೆಹಿಡಿದವು. ಆ ಚರ್ಚೆಯಲ್ಲಿ ಡ್ರೆಡ್ ಸ್ಕಾಟ್ ಹೆಸರು ಮತ್ತೆ ಮತ್ತೆ ಕೇಳಿಬಂತು.

ತೀರ್ಪಿನ ಪೂರ್ಣಪಾಠ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂಬತ್ತೂ ನ್ಯಾಯಮೂರ್ತಿಗಳು ಪ್ರತ್ಯೇಕವಾಗಿ ಬರೆದಿರುವುದರಿಂದ ಅದು ಬಹಳ ಉದ್ದವಾಗಿದೆ, ಎಲ್ಲವನ್ನೂ ಓದುವ ಅಗತ್ಯವಿಲ್ಲ. ಮೊದಲು ಪ್ರತಿವಾದಿಯ ಉತ್ತರ ಮತ್ತು ಒಪ್ಪಿತ ಸಂಗತಿಗಳ ಪುಟಗಳನ್ನು, ಅನಂತರ ಪೌರತ್ವದ ಬಗ್ಗೆ ಟಾನಿ ಬರೆದದ್ದನ್ನು, ಅದರ ಬೆನ್ನಲ್ಲೇ ಐದು ರಾಜ್ಯಗಳ ಮತದಾರರ ಬಗ್ಗೆ ಕರ್ಟಿಸ್ ಬರೆದದ್ದನ್ನು ಓದಬೇಕೆಂದು ಆಸಕ್ತರಲ್ಲಿ ಕೇಳಿಕೊಳ್ಳುತ್ತೇನೆ.